ಯಾರೂ ಬಾಳದ ಜಾಗ

ಹೊಳೆ ಬಂಡೆ ಸೀಳಿಕೊಂಡು ಹರಿಯುವ ಒಂದು ಕೊಳ್ಳದಲ್ಲಿ ಅಡವಯ್ಯ ಎಂಬ ಗುರುಗಳಿದ್ದರು. ಅವರ ಬಳಿಗೆ ಮಾಳಿಂಗ ಬಂದ.

ಮಾಳಿಂಗ ಹನ್ನೆರಡು ವರ್ಷ ಹಳೆಯ ಕಾಲದ ದಿಬ್ಬಗಳನ್ನು ಅಗೆಯುವ ಕೆಲಸದಲ್ಲಿದ್ದವನು. ಮಣ್ಣಿನ ಬಣ್ಣ ನೋಡಿ ಇಲ್ಲಿ ಮನೆಯಿತ್ತು, ಇಲ್ಲಿ ದನ ಕಟ್ಟುತ್ತಿದ್ದರು ಎಂದು ಹೇಳಬಲ್ಲವನು. ಹೋದ ಬೇಸಿಗೆಯಲ್ಲಿ ಅವನ ಐದು ವರ್ಷದ ಮಗಳು ಜ್ವರದಿಂದ ತೀರಿಕೊಂಡಿದ್ದಳು.

"ಮನ್ಯಾಗ ಇರಾಕ ಆಗವಲ್ದು, ಅಜ್ಜಾರ. ಎಲ್ಲಿ ಕುಂತರೂ ಆಕಿ ಕುಂತ ಜಾಗಾನ. ಯಾರೂ ಬಾಳದ ಜಾಗಾ ಬೇಕು ನನಗ. ಅಲ್ಲೆ ಕುಂತು ಧ್ಯಾನ ಮಾಡ್ತೀನಿ."

"ಹುಡುಕು," ಅಂದರು ಗುರುಗಳು. "ಸಿಕ್ಕರ ಬಾ, ದೀಕ್ಷೆ ಕೊಡ್ತೀನಿ."

ಮಾಳಿಂಗ ಸಲಿಕೆ ಹಿಡಿದು ಹೊರಟ.

ಮೊದಲ ಗವಿಯ ಬಂಡೆಯ ಮೇಲೆ ಕಾವಿಯಲ್ಲಿ ಬರೆದ ಗೂಳಿಗಳಿದ್ದವು. ಇನ್ನೊಂದರಲ್ಲಿ ಕಲ್ಲುಗೊಡಲಿ ಮಸೆದು ಮಸೆದು ನೆಲದ ಬಂಡೆ ಸವೆದು ಹೋಗಿತ್ತು. ಎಲ್ಲಿ ನೋಡಿದರೂ ಯಾರೋ ಈಗಷ್ಟೇ ಎದ್ದು ಹೋದ ಹಾಗೆ.

ಹತ್ತನೆಯ ದಿನ, ಮುಳ್ಳುಕಂಟಿ ಬಾಯಿ ಮುಚ್ಚಿದ್ದ ಒಂದು ಗವಿ ಸಿಕ್ಕಿತು. ಗೋಡೆಯ ಮೇಲೆ ಚಿತ್ರವಿಲ್ಲ. ನೆಲದ ಮೇಲೆ ಮಡಕೆಯ ಚೂರೂ ಇಲ್ಲ. ಅವನ ಎದೆ ಹಗುರಾಯಿತು. ಆದರೆ ಹಳೆಯ ಅಭ್ಯಾಸ ಬಿಡಲಿಲ್ಲ. ಸಲಿಕೆ ಹಾಕಿ ನೋಡಿದ.

ಒಂದು ಗೇಣು ಮರಳು. ಅದರ ಕೆಳಗೆ ಬೂದಿ. ಮತ್ತೆ ಮರಳು, ಮತ್ತೆ ಬೂದಿ. ಹೊಳೆ ಉಕ್ಕಿ ಓಡಿಸಿದಾಗಲೆಲ್ಲ ಅಲ್ಲಿ ಬಾಳಿದ್ದ ಜನ ನೀರು ಇಳಿದ ಮೇಲೆ ತಿರುಗಿ ಬಂದಿದ್ದರು. ಪ್ರತಿ ಸಲವೂ ಅದೇ ಮೂಲೆಯಲ್ಲಿ ಒಲೆ ಹೂಡಿದ್ದರು.

ಸೊಂಟದಾಳಕ್ಕೆ ಇಳಿದಾಗ ಅವನ ಕಿವಿ ಚುರುಕಾಯಿತು. ಸಲಿಕೆ ನಿಂತ ಮೇಲೂ ಎದುರಿನ ಬಂಡೆಯಿಂದ ಏಟು ಕೇಳುತ್ತಿತ್ತು. ಮರುದನಿ ಇರಬೇಕು ಅಂದುಕೊಂಡ. ಮೂರು ಸಲ ಹೊಡೆದು ನಿಲ್ಲಿಸಿದ.

ನಾಲ್ಕು ಕೇಳಿಸಿದವು.

ಅವನು ಮತ್ತೆ ಸಲಿಕೆ ಎತ್ತಿ ಇನ್ನೂ ಕೆಳಗೆ ಅಗೆದ.

ಎಲ್ಲಕ್ಕಿಂತ ಕೆಳಗಿನ ಒಲೆಯ ಅಡಿಯಲ್ಲಿ ಬಾಯಿಗೆ ಬಾಯಿ ಕೂಡಿಸಿ ಮಲಗಿಸಿದ ಎರಡು ಮಡಕೆಗಳಿದ್ದವು. ಒಂದನ್ನು ಸರಿಸಿದ. ಒಳಗೆ ಮೊಣಕಾಲು ಮಡಚಿದ ಒಂದು ಕೂಸಿನ ಎಲುಬುಗಳು. ಹಾಲುಹಲ್ಲು ಇನ್ನೂ ಬೆಳ್ಳಗಿದ್ದವು.

ಇಂಥವನ್ನು ಅವನು ಎಷ್ಟೋ ಎತ್ತಿದ್ದ. ಬ್ರಶ್ಶಿನಿಂದ ಒರೆಸಿ, ಚೀಟಿ ಕಟ್ಟಿ, ಪೆಟ್ಟಿಗೆಗೆ ಹಾಕಿದ್ದ. ಇವತ್ತು ಕೈ ಏಳಲಿಲ್ಲ. ಹೊಳೆದಂಡೆಯಲ್ಲಿದ್ದ ಗುರುಗಳ ಬಳಿಗೆ ಓಡಿಬಂದ.

"ಅಜ್ಜಾರ, ಯಾರೂ ಬಾಳದ ಜಾಗಾ ಈ ಕೊಳ್ಳದಾಗ ಇಲ್ಲ. ಹೆತ್ತ ಕೂಸನ್ನ ಒಲಿ ಕೆಳಗ ಹುಗದಾರ. ಅದರ ಮ್ಯಾಲೆ ದಿನಾ ಅಡಿಗಿ ಮಾಡ್ಯಾರ. ಹೆಂಗ ಬಂತು ಅವರಿಗೆ ಮನಸ್ಸು?"

ಗುರುಗಳು ಎದ್ದರು. ನವಣೆಯ ಚೀಲ, ಒಂದು ಪಾತ್ರೆ, ನೀರಿನ ಬಿಂದಿಗೆ ತೆಗೆದುಕೊಂಡು, "ನಡಿ," ಅಂದರು.

ಗವಿಗೆ ಬಂದವರೇ ಗುಂಡಿಯೊಳಗೆ ಬಗ್ಗಿ ನೋಡಿದರು. ಪರಿಚಯದವರು ಎದುರಾದಾಗ ಆಡಿಸುವಂತೆ ತಲೆ ಆಡಿಸಿದರು. ಮಡಕೆಗಳನ್ನು ಮೊದಲಿನಂತೆ ಕೂಡಿಸಿ ಮಣ್ಣು ಎಳೆಯತೊಡಗಿದರು. ಮಾಳಿಂಗನೂ ಕೈಜೋಡಿಸಿದ. ನೆಲ ಸಮವಾದ ಮೇಲೆ ಗುರುಗಳು ಅಲ್ಲೇ ಮೂರು ಕಲ್ಲು ಇಟ್ಟು ಬೆಂಕಿ ಹಚ್ಚಿದರು. ಪಾತ್ರೆಯಲ್ಲಿ ನೀರು ಕುದಿಯಿತು.

"ನವಣಿ ಹಾಕು."

ಮಾಳಿಂಗ ಎರಡು ಹಿಡಿ ಹಾಕಿದ.

"ಇನ್ನೆರಡು ಹಿಡಿ ಹಾಕು."

"ನಾವು ಇರೋದು ಇಬ್ಬರ. ಕೆಳಗಿರೋದೂ ಒಂದ ಕೂಸು, ಅಜ್ಜಾರ."

ಗಾಳಿ ಇರಲಿಲ್ಲ. ಆದರೂ ಹೊಗೆ ಗವಿಯ ಬಾಯಿಯ ಕಡೆ ಹೋಗದೆ ಅವನ ಬೆನ್ನ ಹಿಂದೆ ಸುತ್ತಿಕೊಂಡು ನಿಂತಿತು.

ಗುರುಗಳು ಅವನ ಪಕ್ಕದ ನೆಲ ನೋಡುತ್ತ ಮೆಲ್ಲಗೆ ಅಂದರು: "ನಿನ್ನ ಮಗಳೂ ಬಂದಾಳ. ಚೂರು ಸರದು ಕುಂದ್ರು."