ಅರವತ್ತು ಟೋಪಿ, ಒಂದೇ ತಲೆ

ಬಾ, ಈ ಕಡೆ ಹೊರಳು. ಕಾಲು ಆಡಿಸ್ತಾ ಇದ್ರೆ ನಾನು ಬಾಯೇ ಬಿಡಲ್ಲ ನೋಡು. ಹ್ಞಾ, ಹಂಗೆ.

ಒಂದಾನೊಂದು ಕಾಲದಲ್ಲಿ, ನಾನು ಹುಟ್ಟಿರ್ಲಿಲ್ಲ, ನಮ್ಮಜ್ಜಿಗೆ ಹಾಲುಹಲ್ಲೂ ಬಂದಿರ್ಲಿಲ್ಲ, ಅಷ್ಟು ಹಿಂದೆ, ಒಂದು ಬೆಟ್ಟದ ನೆತ್ತಿ ಮೇಲೆ ಒಂದು ಸುಂಕದ ಕಟ್ಟೆ ಇತ್ತಂತೆ. ಸುಂಕದ ಕಟ್ಟೆ ಅಂದ್ರೆ ದಾರೀಲಿ ಹೋಗೋ ಗಾಡಿ ನಿಲ್ಲಿಸಿ ರಾಜನ ಪಾಲು ಇಸ್ಕೊಳ್ಳೋ ಜಾಗ. ಅಲ್ಲಿ ಚೆನ್ನಾಜಿ ಅಂತ ಒಬ್ಬಳು ಇದ್ಳಂತೆ, ಸುಂಕದವನ ಮಗಳು. ಅವಳು ಸಣ್ಣವಳಿದ್ದಾಗ ಅಲ್ಲಿ ಗಾಡಿಯೇನು, ಕುದುರೆಯೇನು, ಬೆಳಗಾದ್ರೆ ಜನವೋ ಜನ. ಆಮೇಲೆ ರಾಜ ಬೆಟ್ಟದ ಬುಡದಲ್ಲೇ ಹೊಸ ದಾರಿ ಮಾಡಿಸಿಬಿಟ್ಟನಂತೆ. ಬುಡದಲ್ಲಿ ದಾರಿ ಇದ್ರೆ ಯಾವ ಪುಣ್ಯಾತ್ಮ ಬೆಟ್ಟ ಹತ್ತುತ್ತಾನೆ ಹೇಳು? ಆಮೇಲೆ ಅಪ್ಪನೂ ತೀರ್ಕೊಂಡನಂತೆ. ಆಮೇಲೆ ಚೆನ್ನಾಜಿ ಒಬ್ಬಳೇ.

ಯಾರೂ ಇರ್ಲಿಲ್ವಾ ಅಂತೀಯಾ? ಇರ್ಲಿಲ್ಲ ಕಣೆ. ಒಂದು ಬೆಕ್ಕಿತ್ತು ಅಂತ ಹೇಳಿ ನಿನ್ನ ಸಮಾಧಾನ ಮಾಡ್ಬೋದು, ಆದ್ರೆ ಇರ್ಲಿಲ್ಲ. ಸುಳ್ಳು ಯಾಕೆ ಹೇಳ್ಲಿ.

ಅವಳಿಗೆ ಇದ್ದಿದ್ದು ಒಂದು ಕ್ರೋಶಾ ಕಡ್ಡಿ. ಹಿಂದೆ ಯಾವಳೋ ಒಬ್ಬ ದಾರಿಹೋಕಳು ಸುಂಕಕ್ಕೆ ಕಾಸಿಲ್ಲ ಅಂತ ಮೂರು ದಿನ ಅಲ್ಲೇ ಉಳ್ಕೊಂಡು ಹುಡುಗಿಗೆ ಕ್ರೋಶಾ ಕಲಿಸಿ ಹೋಗಿದ್ಳಂತೆ. ತುದೀಲಿ ಕೊಕ್ಕೆ ಇರೋ ಕಡ್ಡಿ, ನಿಮ್ಮಮ್ಮ ಮೂರು ವರ್ಷದಿಂದ ಅರ್ಧ ಟೇಬಲ್ ಬಟ್ಟೆ ಸಿಕ್ಕಿಸಿ ಇಟ್ಟಿದ್ದಾಳಲ್ಲ, ಅದೇ. ಒಂದು ಕುಣಿಕೆ ಒಳಗಿಂದ ಇನ್ನೊಂದು ಕುಣಿಕೆ ಎಳೆಯೋದು, ಅದರೊಳಗಿಂದ ಮತ್ತೊಂದು. ಬೆಟ್ಟದ ಮೇಲೆ ಚಳಿ ಅಂದ್ರೆ ಚಳಿ, ಅದಕ್ಕೆ ಚೆನ್ನಾಜಿ ಟೋಪಿ ಹೆಣೀತಾ ಕೂತ್ಕೊಳ್ಳೋಳಂತೆ. ಒಂದು ಮುಗಿದ್ರೆ ಇನ್ನೊಂದು, ಅದು ಮುಗಿದ್ರೆ ಇನ್ನೊಂದು. ಕೈ ಸುಮ್ನಿದ್ರೆ ಅವಳಿಗೆ ಭಯ ಆಗ್ತಿತ್ತಂತೆ. ಹಂಗೆ ಅರವತ್ತು ಟೋಪಿ ಆಗಿತ್ತಂತೆ.

ವರ್ಷಕ್ಕೊಂದು ಸಲ ಜುಂಜಣ್ಣ ಅನ್ನೋ ಕುರಿಗಾಹಿ ಕುರಿ ಹೊಡ್ಕೊಂಡು ಆ ದಾರೀಲಿ ಹೋಗೋನಂತೆ. ಉಣ್ಣೆ ನೂಲು ಕೊಟ್ಟು, ಅವಳ ಕೈ ಅಂಬಲಿ ಕುಡಿದು ಹೋಗೋನು. ಆ ವರ್ಷ ಅವನು ಟೋಪಿ ರಾಶಿ ನೋಡಿ, ಇದೇನು ತಾಯಿ, ಇದನ್ನೆಲ್ಲಾ ಇಲ್ಲಿಟ್ಕೊಂಡು ಏನ್ಮಾಡ್ತೀಯ, ಕೆಳಗೆ ಬೆಟ್ಟದ ಬುಡದಲ್ಲಿ ವಾರವಾರ ಕೈಕೆಲಸದ ಸಂತೆ ಕೂಡ್ತದೆ, ಬುಟ್ಟಿಯೋರು ಚಾಪೆಯೋರು ಎಲ್ಲಾ ಬರ್ತಾರೆ, ನೀನೂ ಹೋಗಿ ಕೂತ್ಕೋ ಅಂದನಂತೆ. ಆದ್ರೆ ಅಲ್ಲೊಂದು ಕಟ್ಟಳೆ ಐತೆ, ಸಂತೆ ಪಟೇಲ ಭಾರಿ ಗಟ್ಟಿ ಮನುಷ್ಯ, ಹೊಸಬರಿಗೆ ಒಂದೇ ದಿನ ಜಾಗ ಕೊಡ್ತಾನೆ, ಹೊತ್ತು ಬೆಟ್ಟ ಮುಟ್ಟೋದ್ರೊಳಗೆ ಬೋಣಿ ಆಯ್ತೋ, ಆ ಜಾಗ ನಿಂದೇ, ಸಾಯೋವರೆಗೂ ವಾರವಾರ ಹೋಗಿ ಕೂತ್ಕೋಬೋದು. ಬೋಣಿ ಆಗ್ಲಿಲ್ವೋ, ಮತ್ತೆ ಆ ಸಂತೆಗೆ ಕಾಲಿಡಂಗಿಲ್ಲ ಅಂತಲೂ ಹೇಳಿದನಂತೆ.

ಚೆನ್ನಾಜಿಗೆ ದುಡ್ಡಿನ ಆಸೆ ಇರ್ಲಿಲ್ಲ ಕಣೆ. ವಾರಕ್ಕೊಂದು ದಿನ ನಾಲ್ಕು ಜನರ ಮಧ್ಯೆ ಕೂತ್ಕೊಳ್ಳೋದು, ಆ ಕಡೆಯೋರು ಈ ಕಡೆಯೋರು ಏನಮ್ಮಾ ಊಟ ಆಯ್ತಾ ಅಂತ ಕೇಳೋದು, ಅಷ್ಟು ಸಿಕ್ಕಿದ್ರೆ ಸಾಕು ಅನ್ನಿಸ್ತಂತೆ. ಅಷ್ಟು ಅನ್ನಿಸಿದ್ದಕ್ಕೇ ಅವಳ ಕಣ್ಣಲ್ಲಿ ನೀರು ಬಂತಂತೆ.

ಆಮೇಲೆ ಅವಳು ಜುಂಜಣ್ಣನಿಗೆ ಒಂದು ಟೋಪಿ ಕೊಟ್ಟು, ಹಾಕ್ಕೊಂಡು ನೋಡಣ್ಣ ಅಂದ್ಳಂತೆ. ಅವನು ಹಾಕ್ಕೊಂಡ. ಅದು ತೆಂಗಿನ ಚಿಪ್ಪಿನ ಥರ ನೆತ್ತಿ ಮೇಲೆ ಕೂತ್ಕೊಂಡ್ತಂತೆ! ಇನ್ನೊಂದು ಹಾಕಿದ್ರೂ ಅಷ್ಟೇ, ಮತ್ತೊಂದು ಹಾಕಿದ್ರೂ ಅಷ್ಟೇ. ಜುಂಜಣ್ಣ ಹೊಟ್ಟೆ ಹಿಡ್ಕೊಂಡು ನಕ್ಕು, ಅಯ್ಯೋ ತಾಯಿ, ಎಲ್ಲಾ ನಿನ್ನ ತಲೆ ಅಳತೆಗೇ ಹಾಕಿದ್ದೀಯಲ್ಲ ಅಂದನಂತೆ. ಹೌದಲ್ಲ! ಅವಳು ಇನ್ಯಾರ ತಲೆ ಅಳತೆಗೆ ಹಾಕ್ಬೇಕಿತ್ತು? ಅವಳಿಗೆ ಗೊತ್ತಿದ್ದಿದ್ದು ಅದೊಂದೇ ತಲೆ. ಅವನೇನೋ ನಕ್ಕು ಕುರಿ ಹೊಡ್ಕೊಂಡು ಹೋದ. ಅವನ ತಲೆ ಅಳೀಬೇಕು ಅಂತ ಇವಳಿಗೆ ಹೊಳೆದಾಗ ಕುರಿ ಗಂಟೆ ಸದ್ದೂ ಕೇಳಿಸ್ತಿರ್ಲಿಲ್ಲವಂತೆ. ಅವಳು ಬಾಗಿಲಲ್ಲಿ ಕೂತು ಟೋಪಿಗಳನ್ನ ಒಂದೊಂದಾಗಿ ಎಳೆದು ಬಿಚ್ಚಿದ್ಳಂತೆ. ಕ್ರೋಶಾ ಹಂಗೇ ಕಣೆ, ವರ್ಷಗಟ್ಟಲೆ ಹಾಕಿದ್ದು ತುದಿ ಹಿಡಿದು ಎಳೆದ್ರೆ ಸರ್ರಂತ ಬಿಚ್ಚಿಕೊಂಡುಬಿಡುತ್ತೆ.

ಒಂದು ಸಂತೆ ಬಿಟ್ಟು ಅದರ ಮುಂದಿನ ಸಂತೆಗೆ ಹೋಗೋದು ಅಂದ್ಕೊಂಡ್ಳು, ಅದಕ್ಕೆ ಇನ್ನೂ ಹದಿನೈದು ದಿನ ಇತ್ತಂತೆ. ಸರಿ, ತಲೆ ಅಳೆದುಕೊಂಡು ಬರೋಣ ಅಂತ ಚೆನ್ನಾಜಿ ಒಂದು ದಾರ ಸೊಂಟಕ್ಕೆ ಸಿಕ್ಕಿಸ್ಕೊಂಡು ಊರಿಗಿಳಿದ್ಳಂತೆ. ಮೊದಲನೇ ದಿನ ಒಂದು ಮನೆ ಮುಂದೆ ನಿಂತ್ಳು, ಒಳಗೆ ತೊಟ್ಟಿಲು ಕಾಣ್ತಿತ್ತು. ಮನೆಯಾಕೆ ಬಂದು, ಯಾರಮ್ಮ, ಏನು ಬೇಕು ಅಂದ್ಳು. ತಲೆ ಅಳೀಬೇಕು ಅನ್ನೋಕೆ ಹೋಗಿ ಇವಳು ನೀರು ಅಂದ್ಳು. ಆಕೆ ನೀರು ಕೊಟ್ಳು, ಇವಳು ಕುಡಿದು ಬೆಟ್ಟ ಹತ್ತಿದ್ಳು. ಎರಡನೇ ದಿನ ಕ್ಷೌರದವನ ಹತ್ರ ಹೋದ್ಳು, ಅಲ್ಲಿ ಗಂಡಸರು ಸಾಲಾಗಿ ತಲೆ ಬಗ್ಗಿಸಿ ಕೂತಿರ್ತಾರಲ್ಲ. ಅವನು ಕತ್ತಿ ಮಸೀತಾ, ಇಲ್ಲಿ ಹೆಂಗಸರಿಗೆ ಏನಮ್ಮ ಕೆಲಸ ಅಂದ. ಅಷ್ಟಕ್ಕೇ ಓಡಿಬಂದ್ಳು. ಮೂರನೇ ದಿನ ಊರ ಬಾವಿ ತನಕ ಹೋದ್ಳು, ಅಲ್ಲಿ ಮುದುಕಿಯರು ಕೂತು ಏನೋ ಹೇಳ್ಕೊಂಡು ನಗ್ತಿದ್ರು. ಆ ನಗು ನಿಂತ ಮೇಲೆ ಹೋಗೋಣ ಅಂತ ಕಾದ್ಳು. ನಗು ನಿಂತ ಮೇಲೂ ಹೋಗೋಕಾಗ್ಲಿಲ್ಲ ಅವಳಿಗೆ.

ನಗಬೇಡ್ವೇ. ಮಾತಾಡೋದು ಸುಲಭ ಅನ್ಕೊಂಡಿದ್ದೀಯಾ? ನಿನಗೇನು, ಬಾಯಿ ಮುಚ್ಚಿಸೋದೇ ಕಷ್ಟ.

ಆಮೇಲೆ ಏನ್ಮಾಡಿದ್ಳು ಗೊತ್ತಾ, ಮಗೂ ತಲೆ ಅಂತ ಒಂದು ಬೇಲದ ಕಾಯಿ ಇಟ್ಕೊಂಡ್ಳು, ಗಂಡಸಿಗೆ ಅಂತ ಹಿತ್ತಲಿನ ಕುಂಬಳಕಾಯಿ, ತುರುಬು ಕಟ್ಟೋ ಅಜ್ಜಿಗೆ ಅಂತ ಮೊಸರಿನ ಗಡಿಗೆ. ಮೂರನ್ನೂ ಸಾಲಾಗಿ ಕೂರಿಸ್ಕೊಂಡು ಅವುಗಳ ಅಳತೆಗೆ ಟೋಪಿ ಹಾಕಿದ್ಳಂತೆ. ಹಾಕಿ ತೊಡಿಸಿ, ಏನಪ್ಪಾ ಬಿಗಿ ಆಯ್ತಾ ಅಂತ ಕುಂಬಳಕಾಯಿನ ಕೇಳೋಳಂತೆ. ಸಂತೇಲಿ ಕೂಗ್ಬೇಕಲ್ಲ ಅಂತ, ಟೋಪಿ ಬೇಕೇನ್ರೀ ಟೋಪಿ ಅಂತ ಆ ಗಡಿಗೆ ಮುಂದೆ ಕೂಗಿ ಕೂಗಿ ಕಲಿಯೋಳಂತೆ. ಮೊದಮೊದಲು ಗಂಟಲಿಂದ ಸದ್ದೇ ಬರ್ತಿರ್ಲಿಲ್ಲ. ಒಂದೊಂದು ದಿನ ಇದೆಲ್ಲಾ ಯಾಕೆ, ಇಲ್ಲೇ ಇದ್ದುಬಿಡೋಣ ಅನ್ನಿಸಿ, ಕಡ್ಡಿ ಕೆಳಗಿಟ್ಟು ಸುಮ್ನೆ ಹಳೇ ದಾರಿ ನೋಡ್ತಾ ಕೂರೋಳಂತೆ. ಪಾಪ.

ಸಂತೆ ದಿನ ಬಂತು. ಬುಟ್ಟಿ ಹೊತ್ಕೊಂಡು ಇಳಿದ್ಳು. ಪಟೇಲ ಕೋಲು ಊರಿ ಇಷ್ಟೇ ಇಷ್ಟು ಜಾಗ ತೋರಿಸಿದ. ಪಕ್ಕದಲ್ಲಿ ಪೊರಕೆ ಮಾರೋ ಸಾಕವ್ವ, ಸೆರಗು ಬಿಗಿಯಾಗಿ ತಲೆ ತುಂಬ ಹೊದ್ದ ಮುದುಕಿ. ಬಾಯಿ ಅಂದ್ರೆ ಬಾಯಿ ಅವಳದ್ದು! ಇಷ್ಟು ವರ್ಷ ಈ ಜಾಗದಲ್ಲಿ ನನ್ನ ಪೊರಕೆ ಹರಡ್ತಿದ್ದೆ, ಈಗ ಯಾವಳೋ ಬೆಟ್ಟದಿಂದ ಉದುರಿದ್ಳಲ್ಲಪ್ಪ, ಇರ್ಲಿ, ಬೋಣಿ ಆಗ್ದೆ ಸಂಜೆಗೆ ಎದ್ದೋಗ್ತಾಳೆ ಬಿಡು ಅಂತ ಇವಳಿಗೆ ಕೇಳಿಸೋ ಹಂಗೇ ಗೊಣಗ್ತಾ, ಒಂದೊಂದೇ ಪೊರಕೆ ಇವಳ ಚಾಪೆ ಮೇಲೆ ಸರಿಸ್ತಾ ಕೂತ್ಳಂತೆ.

ಆಮೇಲೆ ಮೊದಲು ಒಬ್ಬ ಬುಟ್ಟಿ ಹೆಣೆಯೋನು ಬಂದು ದೊಡ್ಡ ಟೋಪಿ ಹಾಕ್ಕೊಂಡ. ಅದು ಕಣ್ಣು ಮುಚ್ಚಿ ಗದ್ದಕ್ಕೆ ಬಂತು. ಕುಂಬಳಕಾಯಿಗೆ ಕಿವಿ ಇರಲ್ವಲ್ಲ ಕಣೆ, ಎಲ್ಲಿ ನಿಲ್ಬೇಕು ಅನ್ನೋದೇ ಆ ಟೋಪಿಗೆ ಗೊತ್ತಿರ್ಲಿಲ್ಲ! ಸಂತೆಗೆ ಸಂತೆಯೇ ನಕ್ತು. ಆಮೇಲೆ ಒಬ್ಬಳು ಬಾಣಂತಿ ಬಂದು ಕುಲಾವಿ ತಗೊಂಡು ಮಗೂಗೆ ತೊಡಿಸಿದ್ಳು, ಅದು ನೆತ್ತಿ ಮೇಲೆ ನಿಂತು ಕೆಳಗೆ ಬಿತ್ತು. ಆಮೇಲೆ ಒಬ್ಬ ಅಜ್ಜಿ ಬಂದು ನೋಡಿ, ಇದು ನನ್ನ ತಲೆಗಾ, ನಮ್ಮನೆ ಹಂಡೆಗಾ ಅಂದ್ಳು. ಅಷ್ಟೇ, ಆಮೇಲೆ ಯಾರೂ ಹತ್ರ ಬರ್ಲಿಲ್ಲ. ಕಲಿತಿದ್ದ ಕೂಗು ಬಿಟ್ಟು ಅವಳು ಟೋಪಿಗಳನ್ನೇ ಮತ್ತೆ ಮತ್ತೆ ಜೋಡಿಸ್ತಾ ಕೂತ್ಳು. ಅಷ್ಟು ಜನರ ನಡುವೆ ಕೂತು, ಬೆಟ್ಟದ ಮೇಲಿದ್ದಾಗಲೂ ಆಗದಷ್ಟು ಒಂಟಿ ಅನ್ನಿಸ್ತಂತೆ ಅವಳಿಗೆ.

ಹೊತ್ತು ಇಳೀತು. ಪಟೇಲ ಬಂದು, ಇನ್ನೂ ಬೋಣಿ ಇಲ್ವೇನಮ್ಮ, ಬೆಟ್ಟಕ್ಕೆ ಸೂರ್ಯ ಇನ್ನೆರಡಾಳೆತ್ತರ ಇದ್ದಾನೆ ನೋಡು ಅಂತ ಹೇಳಿ ಹೋದ. ಅಷ್ಟರಲ್ಲಿ ಭರ್ರಂತ ಗಾಳಿ ಬೀಸಿ ಸಾಕವ್ವನ ಸೆರಗು ಜಾರ್ತಂತೆ. ನೋಡ್ತಾಳೆ, ಬೋಳು ತಲೆ! ಮಗಳ ಹೆರಿಗೆ ಸುಸೂತ್ರ ಆಗ್ಲಿ ಅಂತ ಹರಕೆ ಹೊತ್ತು ಮುಡಿ ಕೊಟ್ಟು ಬಂದಿದ್ಳಂತೆ ಮುದುಕಿ. ಚಳಿಗೆ ಗಡಗಡ ನಡುಗ್ತಿದ್ಳು. ಆಗ ಚೆನ್ನಾಜಿ ಬಾಯಲ್ಲಿ, ಮೂರು ದಿನ ಊರಿಗಿಳಿದು ಹೇಳೋಕಾಗದೇ ಇದ್ದ ಮಾತು ತಾನಾಗಿ ಬಂತಂತೆ. ಅವ್ವಾ, ಒಂಚೂರು ನಿನ್ನ ತಲೆ ಕೊಡ್ತೀಯಾ ಅಂದ್ಳಂತೆ.

ಸಾಕವ್ವ ಉರಿದುಬಿದ್ಳು. ನನ್ನ ತಲೇನೇನು ಸಂತೇಲಿ ಮಾರೋಕಿಟ್ಟಿದ್ದೀನಾ?

ಮಾರ್ಬೇಡವ್ವ, ಒಂದು ಗಳಿಗೆ ಕೊಡು. ಅಪ್ಪ ಹೋದ್ಮೇಲೆ ನಾನು ಯಾರ ತಲೇನೂ ಮುಟ್ಟಿಲ್ಲ, ನನ್ನ ತಲೇನೂ ಯಾರೂ ಮುಟ್ಟಿಲ್ಲ. ಅದಕ್ಕೇ ನನ್ನ ಟೋಪಿ ಯಾರಿಗೂ ಆಗಲ್ಲ.

ಸಾಕವ್ವ ಕುಂಡಿ ಎಳ್ಕೊಂಡು ಸರಿದು ಬಂದು, ಇವಳಿಗೆ ಬೆನ್ನು ಮಾಡಿ ಕೂತ್ಳಂತೆ. ಚೆನ್ನಾಜಿ ದಾರ ತೆಗೆದು ಸುತ್ತಿದ್ಳು. ಕೂದಲು ಮೊಳೆತು ಚುಚ್ಚೋ ತಲೆ, ಕೆಳಗೆ ಬೆಚ್ಚಗಿತ್ತು. ಕಿವಿ ಎಲ್ಲಿ ಬರುತ್ತೆ, ಹಣೆ ಎಲ್ಲಿ ಮುಗಿಯುತ್ತೆ ಅಂತ ಎರಡೂ ಕೈಯಲ್ಲಿ ನಿಧಾನ ಹಿಡಿದು ನೋಡಿ, ಆಯ್ತವ್ವ ಅಂದ್ಳು. ಸಾಕವ್ವ ಅಲ್ಲಾಡ್ಲಿಲ್ಲ. ಸರಿಯಾಗಿ ಅಳೆದ್ಯೇನೇ, ಇನ್ನೊಂದ್ಸಲ ಅಳಿ ಅಂದ್ಳು. ಅಳೆದ್ಳು. ಮೂರನೇ ಸಲಾನೂ ಅಳಿ ಅಂದ್ಳು. ಮೂರನೇ ಸಲ ದಾರ ಕೆಳಗೇ ಬಿದ್ದಿತ್ತು, ಬರೀ ಕೈ ಇತ್ತು, ಮುದುಕಿ ಕಣ್ಣು ಮುಚ್ಚಿ ಕೂತಿದ್ಳು, ಕೆನ್ನೆ ಒದ್ದೆ ಆಗಿತ್ತಂತೆ.

ಆಮೇಲೆ ಚೆನ್ನಾಜಿ ಗಡಿಗೆ ಅಳತೆಯ ಟೋಪಿ ಅರ್ಧ ಬಿಚ್ಚಿ, ಅಲ್ಲೇ ಕೂತು ಸರಸರ ಹಾಕೋಕೆ ಶುರು ಮಾಡಿದ್ಳು. ಸುತ್ತಿಗೊಂದ್ಸಲ ತಲೆಗಿಟ್ಟು ನೋಡೋಳು, ಮತ್ತೆ ಹಾಕೋಳು. ಇನ್ನೊಂದು ಸುತ್ತು ಇದೆ ಅನ್ನುವಾಗ ಸೂರ್ಯ ಬೆಟ್ಟ ಮುಟ್ಟಿಬಿಟ್ಟ. ಪಟೇಲ ಬಂದು, ಏಳಮ್ಮ ಅಂದ. ಚೆನ್ನಾಜಿ ಬುಟ್ಟಿ ಎಳ್ಕೊಂಡ್ಳು. ಸಾಕವ್ವ ಆ ಮುಗಿಯದ ಟೋಪೀನೇ ಕಿತ್ತು ತಲೆಗಿಕ್ಕೊಂಡು, ನೂಲಿನ ಉಂಡೆ ಜೋತಾಡ್ತಿದ್ರೂ ಲೆಕ್ಕಿಸದೆ, ಸೆರಗಿನ ಗಂಟು ಬಿಚ್ಚಿ ಕಾಸು ತೆಗೆದು ಇವಳ ಕೈಲಿಟ್ಟು, ಪಟೇಲ್ರೇ, ಕಣ್ಣು ಕಾಣ್ಸಲ್ವೇ ನಿಮಗೆ, ಟೋಪಿ ನನ್ನ ತಲೆ ಮೇಲೈತೆ, ಕಾಸು ಅವಳ ಕೈಲೈತೆ, ಇದಕ್ಕೆ ಬೋಣಿ ಅನ್ನದೆ ಇನ್ನೇನಂತೀರಿ ಅಂತ ಜೋರು ಮಾಡಿದ್ಳಂತೆ. ಪಟೇಲ ಜಾಗ ಅವಳಿಗೇ ಬಿಟ್ಟು ಕೋಲು ಎತ್ಕೊಂಡು ಹೋದನಂತೆ. ಆಮೇಲೆ ಸಾಕವ್ವ ಒಂದೊಂದೇ ಪೊರಕೆ ತನ್ನ ಕಡೆಗೆ ಎಳ್ಕೊಂಡ್ಳಂತೆ. ಎಳ್ಕೊಳ್ತಾ, ಊಟ ಆಯ್ತೇನೇ ನಿಂದು ಅಂತ ಕೇಳಿದ್ಳಂತೆ. ಚೆನ್ನಾಜಿ ಇಲ್ಲ ಅಂದ್ಳು. ಅಷ್ಟು ಹೇಳೋಕೆ ಎಷ್ಟು ಹೊತ್ತಾಯ್ತು ಅಂತೀಯಾ.

ಆಮೇಲೆ ವಾರವಾರವೂ ಚೆನ್ನಾಜಿ ಬರೀ ನೂಲು ಕಡ್ಡಿ ಹಿಡ್ಕೊಂಡು ಸಂತೆಗೆ ಇಳಿಯೋಳಂತೆ, ಜನ ಬಂದು ತಲೆ ಕೊಟ್ಟು ಹೋಗೋರಂತೆ. ಕಟ್ಟೆಯಲ್ಲಿ ಉಳಿದ ಆರು ದಿನ ಅವಳೊಬ್ಬಳೇ, ಅದೇನೂ ಬದಲಾಗ್ಲಿಲ್ಲ. ಆದ್ರೆ ಟೋಪಿ ಹಾಕ್ತಾ ಕೂತಾಗ ಕೈಯಲ್ಲಿ ಬುಟ್ಟಿಯೋನ ತಲೆ ಅಳತೆ ಇರೋದು, ಬಾಣಂತಿ ಮಗೂ ತಲೆ ಇರೋದು, ಆ ಮಗು ತಲೆಯಂತೂ ವಾರವಾರಕ್ಕೂ ಬೆಳೆಯೋದು, ಟೋಪಿ ಸಾಲ್ದೆ ಮತ್ತೆ ಮತ್ತೆ ಅಳೀಬೇಕಾಗೋದಂತೆ. ಅವಳು ಅಲ್ಲಿ ಸುಖವಾಗಿದ್ಳು, ಕತೆ ಇಲ್ಲಿಗೆ ಮುಗೀತು, ನಂಗೂ ನಿದ್ದೆ ಬಂತು. ಕಣ್ಣು ಮುಚ್ಚು.