ಬಾರದ ಮಳೆಗೊಂದು ಚಾ

ಕಡಲ ತಡಿಯ ಒಂದು ಊರಿನಲ್ಲಿ ಹೆಂಗಸರೆಲ್ಲ ಸೇರಿ ಮೀನು ಒಣಗಿಸುತ್ತಿದ್ದರು. ಬೇಸಗೆ ಶುರುವಾಯಿತೆಂದರೆ ಮರಳಿನ ಮೇಲೆ ಹಳೆಯ ಬಲೆ ಹಾಸಿ, ಉಪ್ಪು ಹಾಕಿದ ಬಂಗುಡೆ, ಸಿಗಡಿ ಹರಡುವುದು. ಮಳೆಗಾಲದಲ್ಲಿ ದೋಣಿ ನೀರಿಗಿಳಿಯುವುದಿಲ್ಲ. ಆಗ ಮನೆಯ ಊಟಕ್ಕೂ ಬುಟ್ಟಿ ಹೊತ್ತು ಮಾರುವುದಕ್ಕೂ ಈ ಒಣಮೀನೇ ಗತಿ. ಅದಕ್ಕೇ ಬೇಸಗೆಯ ಮಳೆ ಎಂದರೆ ಅವರಿಗೆ ಜೀವ ಬಾಯಿಗೆ ಬರುತ್ತಿತ್ತು. ಅರ್ಧ ಒಣಗಿ ನೆನೆದ ಮೀನನ್ನು ನಾಯಿಯೂ ಮೂಸುವುದಿಲ್ಲ.

ಮಳೆಯ ಸುದ್ದಿ ತಿಳಿಸುವ ಕೆಲಸ ಜಲಜಾಳದು. ಬೇರೆ ಊರಿನಿಂದ ಮದುವೆಯಾಗಿ ಬಂದವಳು, ಮಾತು ಕಡಿಮೆ. ದಿನಾ ಬೆಳಿಗ್ಗೆ ಮೊಬೈಲಿನಲ್ಲಿ ಹವಾಮಾನ ವರದಿ ನೋಡುವಳು, ಆಮೇಲೆ ಆಕಾಶ ನೋಡುವಳು. ಮಳೆ ಬರುವಂತಿದ್ದರೆ ಗಾಳಿಮರಕ್ಕೆ ಕಟ್ಟಿದ ತಗಡಿನ ಡಬ್ಬಿ ಬಾರಿಸುವಳು. ಸದ್ದು ಕೇಳಿದ ಕೂಡಲೇ ಎಲ್ಲರೂ ಮೀನು ಬಾಚಿ ರಾಶಿ ಹಾಕಿ ಟಾರ್ಪಾಲು ಹೊದಿಸುತ್ತಿದ್ದರು.

ಆದರೆ ವರದಿ ಹೇಳುವುದಾದರೂ ಏನು? ‘ಕರಾವಳಿಯ ಅಲ್ಲಲ್ಲಿ ಗುಡುಗು ಸಹಿತ ಮಳೆಯಾಗುವ ಸಾಧ್ಯತೆ’ ಎಂದು. ಅಲ್ಲಲ್ಲಿ ಎಂದರೆ ಎಲ್ಲಿ ಎಂದು ವರದಿಯೂ ಹೇಳುವುದಿಲ್ಲ, ಮೋಡವೂ ಹೇಳುವುದಿಲ್ಲ. ಹಾಗಾಗಿ ಅಲ್ಲಿ ಒಂದು ತಮಾಷೆಯ ಕಟ್ಟಳೆ ಹುಟ್ಟಿಕೊಂಡಿತ್ತು. ಡಬ್ಬಿ ಬಾರಿಸಿಯೂ ಮಳೆ ಬಾರದಿದ್ದರೆ, ಬಾರಿಸಿದವಳು ಎಲ್ಲರಿಗೂ ಚಾ ಕೊಡಿಸಬೇಕು.

ಆ ವರ್ಷ ಯುಗಾದಿ ಕಳೆದ ಮೇಲೆ ಜಲಜಾ ಒಮ್ಮೆ ಡಬ್ಬಿ ಬಾರಿಸಿದಳು. ಮೋಡ ಬಂತು, ಇಣುಕಿತು, ಪಕ್ಕದ ಊರಿಗೆ ಹೋಗಿ ಸುರಿಯಿತು. ಎಲ್ಲರೂ ನಗುತ್ತ ಚಾ ಕುಡಿದರು. ಅವಳೂ ನಕ್ಕಳು.

ಕೆಲವು ದಿನ ಬಿಟ್ಟು ಮತ್ತೆ ಬಾರಿಸಿದಳು. ಮತ್ತೆ ಒಂದು ಹನಿಯೂ ಬೀಳಲಿಲ್ಲ. ಈ ಸಲ ಚಾ ಮಾತ್ರದಲ್ಲಿ ಮುಗಿಯಲಿಲ್ಲ. ಮುತ್ತಕ್ಕನೆಂದರೆ ಅವರೆಲ್ಲರಿಗೂ ಹಿರಿಯಳು. ಸಂಜೆಯವರೆಗೆ ಟಾರ್ಪಾಲಿನಡಿಯಲ್ಲಿ ಬೆವತು ಅವಳ ಹಸಿ ಸಿಗಡಿ ಹಳಸಿಹೋಗಿತ್ತು. ಅವಳು ಲೋಟ ಕೆಳಗಿಟ್ಟು ಎಲ್ಲರೆದುರು ಹೇಳಿದಳು:

“ಇನ್ ಬಾರ್ಸೂದಾದ್ರೆ ಮಳಿ ಕೈ ಹಿಡ್ಕಂಡೇ ಬಾ ಮಾರಾಯ್ತಿ.”

ಹೆಂಗಸರು ಬಿದ್ದು ಬಿದ್ದು ನಕ್ಕರು. ಜಲಜಾ ತಲೆ ತಗ್ಗಿಸಿ ಲೋಟ ತೊಳೆದಳು. ಮರುದಿನದಿಂದ ದಾರಿಯಲ್ಲಿ ಸಿಕ್ಕವರೆಲ್ಲ ಇವತ್ತು ಚಾ ಉಂಟೋ ಎಂದು ಕೇಳತೊಡಗಿದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ತವರು ದೂರವಿದ್ದವಳಿಗೆ ಆ ಹೆಂಗಸರೇ ನಂಟರು. ಅವರ ಬಾಯಲ್ಲೇ ಹಾಸ್ಯವಾಗಿದ್ದಕ್ಕೆ ಅವಳಿಗೆ ಅನ್ನ ಸೇರದಷ್ಟು ದುಃಖವಾಯಿತು.

ಹೀಗಿರುವಾಗ ಒಂದು ದಿನ ವರದಿಯಲ್ಲಿ ಅದೇ ಮಾತು ಬಂತು. ಮಧ್ಯಾಹ್ನದ ಮೇಲೆ ಅಲ್ಲಲ್ಲಿ ಗುಡುಗು, ಮಳೆ. ಆಕಾಶ ಮಾತ್ರ ತೊಳೆದಿಟ್ಟ ಹಾಗೆ ಶುಭ್ರವಾಗಿತ್ತು. ಮರಳಿನ ಮೇಲೆ ಇಡೀ ಊರಿನ ಮೀನು ಹರಡಿತ್ತು, ಇನ್ನೊಂದು ಬಿಸಿಲು ಸಿಕ್ಕರೆ ಒಳಗೆ ತುಂಬುವಂಥದ್ದು.

ಜಲಜಾ ಗಾಳಿಮರದ ಹತ್ತಿರ ಹೋಗಿ ಕೋಲು ಕೈಗೆತ್ತಿಕೊಂಡಳು. ಬಾರಿಸಿ, ಮಳೆ ಬಾರದೇ ಹೋದರೆ? ಕೋಲನ್ನು ಇದ್ದಲ್ಲೇ ಇಟ್ಟಳು. ತನ್ನ ಮೀನನ್ನಾದರೂ ಮುಚ್ಚೋಣವೆಂದರೆ, ಮುಚ್ಚುವುದನ್ನು ಕಂಡವರು ಮತ್ತೆ ಚಾ ಉಂಟೋ ಎಂದು ಕೇಳುತ್ತಾರೆ. ಕಾಣದ ಹಾಗೆ ತನ್ನದಷ್ಟನ್ನೇ ಉಳಿಸಿಕೊಳ್ಳಲು ಅವಳ ಮನಸ್ಸು ಒಪ್ಪಲಿಲ್ಲ. ಸುಮ್ಮನೆ ಮನೆಗೆ ಹೋದಳು.

ಎಲ್ಲರೂ ಉಂಡು ಅಡ್ಡಾಗಿದ್ದ ಹೊತ್ತಿಗೆ ಪಡುವಣದಲ್ಲಿ ಗುಡುಗಿತು. ಎದ್ದು ಓಡಿ ಬರುವಷ್ಟರಲ್ಲಿ ಮಳೆ ಸುರಿದು, ಮೀನೆಲ್ಲ ಮರಳಿನ ಕೆಸರಿನಲ್ಲಿ ಕಲಸಿಹೋಗಿತ್ತು. ಹೆಂಗಸರು ತಲೆಯ ಮೇಲೆ ಕೈಹೊತ್ತು ಕೂತರು. ಮುತ್ತಕ್ಕ ಸೀದಾ ಜಲಜಾಳ ಮುಂದೆ ಬಂದು ನಿಂತಳು.

“ನಿಂಗ್ ಗೊತ್ತಿತ್ತಾ?”

ಗೊತ್ತಿರಲಿಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಜಲಜಾಳಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

“ಮಳಿ ಬಂದ್ರೂ ಬರ್ಬಹುದ್ ಅಂತ ಗೊತ್ತಿತ್ತ್, ಮುತ್ತಕ್ಕ. ಬಾರದಿದ್ರೆ ನೀವೆಲ್ಲ ನಗ್ತ್ರಿ ಅಂತ ಹೆದ್ರಿಕಿ ಆಯ್ತ್.”

ಮುತ್ತಕ್ಕನ ಬಾಯಿಗೆ ಬೈಗುಳ ಬಂದಿತ್ತು. ಅಷ್ಟರಲ್ಲಿ ಅವಳ ಕಣ್ಣು ಜಲಜಾಳ ಬಲೆಯ ಮೇಲೆ ಬಿತ್ತು. ಅಲ್ಲೂ ಮೀನು ಮುಚ್ಚದೆ ಬಿದ್ದು ನೆನೆದಿತ್ತು. ಮಳೆಗಿಂತ ತಮ್ಮ ನಗೆಗೇ ಈ ಹೆಣ್ಣು ಹೆಚ್ಚು ಹೆದರಿದ್ದಳು ಎಂದು ಮುತ್ತಕ್ಕನಿಗೆ ಆಗ ತಿಳಿಯಿತು. ಅಲ್ಲೇ ಕೂತು, ಜಲಜಾಳ ಮೀನನ್ನೇ ಮೊದಲು ಆಯತೊಡಗಿದಳು. ಉಳಿದವರೂ ಬಂದು ಕೂತರು. ಕೈಗೆ ಹತ್ತಿದ್ದು ಸ್ವಲ್ಪವೇ. ಆ ಮಳೆಗಾಲ ಎಲ್ಲರ ಮನೆಯಲ್ಲೂ ಬರೀ ಗಂಜಿ, ಉಪ್ಪಿನಕಾಯಿ.

ಮುಂದಿನ ಬೇಸಗೆಗೆ ಅವರು ತಮ್ಮ ಪದ್ಧತಿ ತಿದ್ದಿಕೊಂಡರು. ಡಬ್ಬಿಯ ಸದ್ದಾದರೆ ಒಣಗುತ್ತ ಬಂದ ಮೀನನ್ನು ಮಾತ್ರ ಮುಚ್ಚುವುದು. ಹಸಿಯದನ್ನು ಹೊಸದಾಗಿ ಕಟ್ಟಿದ ತಗಡಿನ ಚಪ್ಪರದಡಿ ತೆಳ್ಳಗೆ ಹರಡುವುದು. ಹೀಗೆ ಮಾಡಿದರೆ ಮಳೆ ಬಾರದಿದ್ದರೂ ಮೀನು ಹಳಸುವುದಿಲ್ಲ.

ಆ ಬೇಸಗೆಯಲ್ಲಿ ಮೊದಲ ಸಲ ಮಳೆಯ ವರದಿ ಬಂದ ದಿನ ಜಲಜಾ ಕೋಲು ಹಿಡಿದು ಬಹಳ ಹೊತ್ತು ನಿಂತಿದ್ದಳು. ಕಡೆಗೆ ಬಾರಿಸಿದಳು. ಎಲ್ಲರೂ ಓಡಿ ಬಂದರು, ಮುಚ್ಚಿದರು, ಕಾದರು. ಸಂಜೆಯಾಯಿತು. ಮಳೆ ಬರಲಿಲ್ಲ.

ಜಲಜಾ ಚಾ ತರಲೆಂದು ಎದ್ದಳು. ನೋಡಿದರೆ ಮುತ್ತಕ್ಕ ಆಗಲೇ ಕೆಟಲ್ ಹಿಡಿದು ಬರುತ್ತಿದ್ದಳು. ಮೊದಲ ಲೋಟ ತುಂಬಿಸಿ ಜಲಜಾಳ ಕೈಗಿಟ್ಟಳು.

“ಮಳಿ ಬರ್ಲಿಲ್ಲ ಅಲ್ದಾ ಮುತ್ತಕ್ಕ,” ಎಂದಳು ಜಲಜಾ.

“ನೀ ಹೇಳಿದ್ಯಲ್ಲ,” ಎಂದಳು ಮುತ್ತಕ್ಕ. “ಕುಡಿ.”

ನೀತಿ: ಒಳ್ಳೆಯ ಮನಸ್ಸಿನಿಂದ ಎಚ್ಚರಿಸಿದವರ ಮಾತು ಒಮ್ಮೆ ತಪ್ಪಿತೆಂದು ನಗಬೇಡಿ. ನಮ್ಮ ನಗೆಗೆ ಹೆದರಿ ಅವರು ಬಾಯಿ ಮುಚ್ಚಿಕೊಂಡ ದಿನವೇ ಮಳೆ ಬರುತ್ತದೆ.