ನೀಲಿ ಹಂಡೆಯ ಸಾಕ್ಷಿ

ಪಾಳೆಯಗಾರರ ಕಾಲದ ಮಾತು. ನಾನೇ ಕಣ್ಣಾರೆ ಕಂಡದ್ದು. ನನ್ನ ವಯಸ್ಸು ಲೆಕ್ಕ ಹಾಕಲು ಹೋಗಬೇಡಿ.

ಹೊಸದಾಗಿ ಬಂದ ಪಾರುಪತ್ಯಗಾರ ಬಣ್ಣಗಾರರ ಬೀದಿಯ ಬಾವಿಗೆ ಬೇಲಿ ಹಾಕಿಸಿದ. "ಇದು ನಮ್ಮ ತಾತ ತೋಡಿಸಿದ್ದು. ಇನ್ನು ಈ ನೀರು ನನ್ನ ಮಲ್ಲಿಗೆ ತೋಟಕ್ಕೆ ಮಾತ್ರ" ಎಂದ. ಹೇಳುವಾಗ ಈಗಲೂ ನನಗೆ ಮೈ ಉರಿಯುತ್ತದೆ. ಅವನ ತಾತ ಈ ಊರಿನ ಧೂಳನ್ನೂ ತುಳಿದವನಲ್ಲ! ನೀರಿಲ್ಲದೆ ಬಣ್ಣಗಾರರು ಬದುಕುವುದು ಹೇಗೆ?

ಕೊಟ್ರವ್ವ ಎಂಬ ಮುದುಕಿ ಅವನನ್ನು ತನ್ನ ನೀಲಿ ಹಂಡೆಯ ಮುಂದೆ ನಿಲ್ಲಿಸಿದಳು. "ಧಣಿ, ಇದು ಸತ್ಯದ ಹಂಡೆ. ಬಟ್ಟೆ ಹಸಿರಾಗಿ ಮೇಲೆ ಬರ್ತದೆ. ಹಿಡಿದವರು ಸುಳ್ಳು ಹೇಳಿದ್ರೆ ನೀಲಿಗೆ ತಿರುಗ್ತದೆ. ತಿರುಗದಿದ್ರೆ ಬಾವಿ ನಿಮ್ದೇ."

ಆ ಹಂಡೆಯಲ್ಲಿ ಅದ್ದಿದ ಯಾವ ಬಟ್ಟೆಯಾದರೂ ಗಾಳಿ ಸೋಕಿದರೆ ನೀಲಿಯಾಗುತ್ತದೆ. ಅದು ಬೀದಿಗೆಲ್ಲ ಗೊತ್ತು. ಒಬ್ಬರೂ ತುಟಿ ಬಿಚ್ಚಲಿಲ್ಲ.

ಪಾರುಪತ್ಯಗಾರ ಹಂಡೆಗೆ ಕೈ ಹಾಕಿ ಹಸಿರು ಬಟ್ಟೆ ಎತ್ತಿ, "ತಾತ ತೋಡಿಸಿದ್ದು!" ಎಂದ. ಅಂಚು ನೀಲಿಯಾಯಿತು. "ಅಲ್ಲ, ಮುತ್ತಾತ!" ಎಂದ. ಬಟ್ಟೆಯೆಲ್ಲ ನೀಲಿ. ಮೊಣಕೈವರೆಗೆ ಅವನೂ ನೀಲಿ.

ಆಗ ಅವನಿಗೆ ಹೊಳೆಯಿತು. "ಮೋಸ! ನಿಜ ಹೇಳಿದರೂ ಇದು ನೀಲಿಯೇ ಆಗುತ್ತದೆ, ನೋಡ್ರೋ!" ಎಂದು ಇನ್ನೊಂದು ಬಟ್ಟೆ ಎತ್ತಿ, ಬೀದಿಗೆಲ್ಲ ಕೇಳುವಂತೆ ಕಿರುಚಿದ: "ಬಾವಿ ನಿಮ್ಮದೇ! ನಮ್ಮ ತಾತ ಇದನ್ನು ಕಂಡೇ ಇಲ್ಲ!" ಅದೂ ನೀಲಿಯಾಯಿತು. "ಕಂಡಿರಾ?" ಎಂದು ಬೀಗಿದ.

"ಕಂಡ್ವಿ ಧಣಿ, ಕೇಳಿದ್ವಿ ಕೂಡ" ಎಂದಳು ಕೊಟ್ರವ್ವ. "ಹಂಡೆ ಸುಳ್ಳು ಹೇಳ್ತು, ನೀವು ನಿಜ ಹೇಳಿದ್ರಿ. ಏ, ಬೇಲಿ ಕೀಳ್ರೋ!"